ಅಜ್ಜಿಯ ಕಣ್ಣಿನ ಮದ್ದು

ಕೂಡುಕುಟುಂಬದಲ್ಲಿ ಬಾಳಿದವರಿಗೆ 'ನನ್ನದು' ಎಂಬ ಮಾತು ಅಷ್ಟಾಗಿ ರುಚಿಸುವುದಿಲ್ಲ. ಬಚ್ಚಲಿನ ಎಣ್ಣೆಯ ಕುಪ್ಪಿ, ಕನ್ನಡಿಯ ಬಳಿಯ ಬಾಚಣಿಗೆ, ಕಾಡಿಗೆಯ ಕರಡಿಗೆ, ತಲೆನೋವಿನ ಮುಲಾಮು ಇವೆಲ್ಲವೂ ಮನೆಗೆ ಸೇರಿದವುಗಳೇ ಹೊರತು ಯಾರೊಬ್ಬರಿಗೂ ಸೇರಿದವುಗಳಲ್ಲ. ಒಬ್ಬರ ವಸ್ತುವನ್ನು ಇನ್ನೊಬ್ಬರು ಕೇಳದೆಯೇ ತೆಗೆದುಕೊಳ್ಳುವುದು ನಮ್ಮಲ್ಲಿ ಸಲಿಗೆಯ ಲಕ್ಷಣವೆನಿಸಿದೆ. ಅಪ್ಪಣೆ ಕೇಳಿದರೆ ಅದೇ ಒಂದು ಬಗೆಯ ಪರಕೀಯತೆ. ಈ ಪದ್ಧತಿಯ ಗುಣವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಎಷ್ಟೇ ಪ್ರೀತಿಯಿದ್ದರೂ ಹಂಚಿಕೊಳ್ಳಕೂಡದ ವಸ್ತುವೊಂದು ಮನೆಯೊಳಗೆ ಇರಬಹುದೆಂಬುದನ್ನು ನಾವು ಕಳೆದ ವರ್ಷ ನಷ್ಟಪಟ್ಟು ಕಲಿಯಬೇಕಾಯಿತು. ಆ ವಸ್ತು ಹೆಬ್ಬೆರಳಿನಷ್ಟು ಎತ್ತರದ ಒಂದು ಸೀಸೆ. ಅದರೊಳಗಿದ್ದುದು ನಮ್ಮ ತಾಯಿಯವರ ಕಣ್ಣಿನ ಮದ್ದು.

ನಮ್ಮ ಮನೆಯಿರುವುದು ಬಂಟ್ವಾಳದಲ್ಲಿ, ಕಣ್ಣಿನ ಹೆಸರನ್ನೇ ಹೊತ್ತು ಹರಿಯುವ ನೇತ್ರಾವತಿಯ ದಡಕ್ಕೆ ಕೂಗಳತೆಯ ದೂರದಲ್ಲಿ. ತಾಯಿಯವರಿಗೆ ಈಗ 78 ವರ್ಷ. 9 ವರ್ಷಗಳ ಹಿಂದೆ ಕನ್ನಡಕ ಬದಲಾಯಿಸುವ ಉದ್ದೇಶದಿಂದ ಅವರನ್ನು ಮಂಗಳೂರಿಗೆ ಕರೆದೊಯ್ದಿದ್ದೆವು. ಅಲ್ಲಿಯ ನೇತ್ರವೈದ್ಯರು ಕಣ್ಣಿನೊಳಗಿನ ಒತ್ತಡವನ್ನು ಅಳೆದು, ಹಿಂಬದಿಯ ನರವನ್ನು ಪರೀಕ್ಷಿಸಿ, "ಇದು ಗ್ಲಾಕೋಮಾ. ಬೇಗನೆ ತಿಳಿದುಬಂದದ್ದು ನಿಮ್ಮ ಪುಣ್ಯ" ಎಂದರು. ತಾಯಿಯವರಿಗೆ ಕಣ್ಣಿನಲ್ಲಿ ನೋವಿರಲಿಲ್ಲ, ಕೆಂಪಿರಲಿಲ್ಲ. ಅಕ್ಕಿಯೊಳಗಿನ ಕಲ್ಲು ಹೆಕ್ಕುವಷ್ಟು ದೃಷ್ಟಿಯೂ ಇತ್ತು. "ಇಲ್ಲದ ರೋಗಕ್ಕೆ ಮದ್ದು ಯಾಕೆ?" ಎಂದು ಅವರು ಕೇಳಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಅಂದಿನಿಂದ ಪ್ರತಿರಾತ್ರಿ ಊಟವಾದ ಮೇಲೆ ಚಾವಡಿಯ ದೀಪದ ಕೆಳಗೆ ಕುಳಿತು ಎರಡು ಕಣ್ಣಿಗೂ ಒಂದೊಂದು ಹನಿ ಬಿಟ್ಟುಕೊಳ್ಳುವುದನ್ನು ಅವರು ಒಂದು ವ್ರತದಂತೆ ನಡೆಸಿಕೊಂಡು ಬಂದರು.

ಈ ರೋಗದ ಸ್ವರೂಪವನ್ನು ಇಲ್ಲಿ ಸ್ವಲ್ಪ ತಿಳಿಸುವುದು ಅಗತ್ಯ. ಕಣ್ಣಿನ ಮುಂಭಾಗದಲ್ಲಿ ತಿಳಿನೀರಿನಂತಹ ಒಂದು ದ್ರವವು ಹಗಲಿರುಳೂ ಒಸರುತ್ತ, ಸೂಕ್ಷ್ಮವಾದ ಒಂದು ಜಾಲರಿಯ ಮೂಲಕ ಹೊರಕ್ಕೆ ಹರಿದುಹೋಗುತ್ತಿರುವುದು. ಅಡಿಕೆಯ ತೋಟವುಳ್ಳವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಆಟಿಯ ಮಳೆಯಲ್ಲಿ ಕಣಿಗೆ ಸೋಗೆ ಬಿದ್ದು ನೀರು ಕಟ್ಟಿದರೆ ಮರದ ಬುಡಕ್ಕೆ ಕೇಡಾಗುವಂತೆ, ಈ ದ್ರವದ ದಾರಿ ಕಟ್ಟಿದರೆ ಕಣ್ಣಿನೊಳಗೆ ಒತ್ತಡವೇರಿ ಹಿಂಬದಿಯ ನೇತ್ರನರವು ಸೊರಗುತ್ತದೆ. ಸಾಮಾನ್ಯವಾದ ಒತ್ತಡವು ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್. ಕೆಲವರಿಗೆ ಒತ್ತಡವು ಈ ಮಿತಿಯೊಳಗಿದ್ದರೂ ನರವು ಕೆಡುವುದುಂಟು. ಆದುದರಿಂದ ಒತ್ತಡವೊಂದನ್ನೇ ಅಳೆದರೆ ಸಾಲದು, ನರವನ್ನೂ ನೋಡಿಸತಕ್ಕದ್ದು.

ಆ ನರದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ತಂತುಗಳಿವೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಅದರ ನಡುವೆ ನಿಂತು ಗರ್ಭಗುಡಿಯತ್ತ ನೋಡುತ್ತಿರುವವನಿಗೆ ಹೊರಸುತ್ತಿನ ನಾಲ್ಕು ಕಂಬಗಳು ಇಲ್ಲವಾದರೂ ಅರಿವಾಗದು; ನಲವತ್ತು ಇಲ್ಲವಾದರೂ ಅರಿವಾಗುವುದು ಸಂದೇಹ. ಗ್ಲಾಕೋಮಾದಲ್ಲಿ ದೃಷ್ಟಿಯು ಹೋಗುವ ಕ್ರಮವೂ ಹೆಚ್ಚಾಗಿ ಹೀಗೆಯೇ. ಮೊದಲು ಅಂಚಿನ ನೋಟವು ಅಳಿಸಿಹೋಗುತ್ತದೆ. ಒಂದು ಕಣ್ಣಿಗೆ ಕಾಣದುದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ರೋಗಿಯು ನಡುವಿನ ದೇವರನ್ನು ಕಾಣುತ್ತಲೇ ಇರುತ್ತಾನೆ. ನಡುವಿಗೂ ಕತ್ತಲೆ ಬಂದಾಗ ಕಂಬಗಳು ಬಹುಪಾಲು ಬಿದ್ದುಹೋಗಿರುತ್ತವೆ. ಬಿದ್ದ ತಂತುಗಳನ್ನು ಎತ್ತಿ ನಿಲ್ಲಿಸುವ ವಿದ್ಯೆಯು ಇಂದಿಗೂ ಲೋಕದಲ್ಲಿಲ್ಲ. ಉಳಿದವುಗಳನ್ನು ಕಾಯುವುದಷ್ಟೇ ಮದ್ದಿನ ಕೆಲಸ.

ಈ ಮಾತಿನ ಅರ್ಥವನ್ನು ನಾವು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ನಮ್ಮ ದೊಡ್ಡಮ್ಮನವರು, ಎಂದರೆ ತಾಯಿಯವರ ಅಕ್ಕ, ಬೆಳ್ತಂಗಡಿಯ ಕಡೆಯ ಒಂದು ತೋಟದ ಮನೆಗೆ ಸೊಸೆಯಾಗಿ ಹೋದವರು. ಅರುವತ್ತು ದಾಟಿದ ಮೇಲೆ ಅವರಿಗೆ ಕಣ್ಣು ಮಂಜಾಗತೊಡಗಿತು. ನಮ್ಮ ನಾಡಿನಲ್ಲಿ ಡಾಕ್ಟರ್ ಎಂ. ಸಿ. ಮೋದಿಯವರು (1916–2005) ಊರೂರು ಸಂಚರಿಸಿ, ಶಿಬಿರಗಳನ್ನು ಕಟ್ಟಿ, ಅಸಂಖ್ಯಾತ ಬಡವರ ಕಣ್ಣಿನ ಪೊರೆಯನ್ನು ತೆಗೆದು ಬೆಳಕು ಕೊಟ್ಟ ಕಥೆಯನ್ನು ಕೇಳದವರಿಲ್ಲ. ಆ ಮಹಾಕಾರ್ಯದ ಕೀರ್ತಿಯಿಂದ ಹಳ್ಳಿಯ ಜನರಲ್ಲಿ ಒಂದು ನಂಬಿಕೆ ನೆಲೆಗೊಂಡಿತು: ಮುಪ್ಪಿನಲ್ಲಿ ಕಣ್ಣು ಹೋದರೆ ಅದು ಪೊರೆ, ಪೊರೆ ಬಲಿಯಲಿ, ಆಮೇಲೆ ತೆಗೆಸಿದರಾಯಿತು. ದೊಡ್ಡಮ್ಮನವರೂ ಹಾಗೆಯೇ ಪೊರೆ ಬಲಿಯಲೆಂದು ಎರಡು ಮಳೆಗಾಲ ಕಾದರು. ಕೊನೆಗೆ ವೈದ್ಯರಲ್ಲಿಗೆ ಕರೆತಂದಾಗ ಅವರು ನಿಟ್ಟುಸಿರು ಬಿಟ್ಟು, "ತೆಗೆಯುವುದಕ್ಕೆ ಇಲ್ಲಿ ಪೊರೆಯೇ ಇಲ್ಲವಲ್ಲ" ಎಂದರು. ಮುಂದೆ ಹದಿನಾಲ್ಕು ವರ್ಷ ದೊಡ್ಡಮ್ಮನವರು ಅಂಗಳದ ತುಳಸಿಯಿಂದ ಬಾವಿಕಟ್ಟೆಗೆ ಹಗ್ಗ ಹಿಡಿದು ನಡೆದರು. ಇದನ್ನು ಕಣ್ಣಾರೆ ಕಂಡಿದ್ದುದರಿಂದಲೇ ನಮ್ಮ ತಾಯಿಯವರು ಮರುಮಾತಿಲ್ಲದೆ ಮದ್ದಿಗೆ ಒಪ್ಪಿದುದು.

ಈಗ ಮದ್ದಿನ ವಿಷಯಕ್ಕೆ ಬರೋಣ. ಗ್ಲಾಕೋಮಾಕ್ಕೆ ಹನಿಮದ್ದಿನ ಚಿಕಿತ್ಸೆ ಬಹಳ ಹಳೆಯದೇನಲ್ಲ. 1876ರಲ್ಲಿ ಲಾಕ್ವರ್ ಎಂಬ ವೈದ್ಯನು ಆಫ್ರಿಕಾದ ಕಲಬಾರ್ ಎಂಬ ವಿಷದ ಅವರೆಯಿಂದ ತೆಗೆದ ಸತ್ತ್ವವನ್ನು ಇದಕ್ಕೆ ಪ್ರಯೋಗಿಸಿದನು. ಆತನೇ ಈ ರೋಗದಿಂದ ನರಳುತ್ತಿದ್ದವನು. 1978ರಲ್ಲಿ ಅಮೆರಿಕದಲ್ಲಿ ಟಿಮೋಲಾಲ್ ಎಂಬ ಮದ್ದಿಗೆ ಒಪ್ಪಿಗೆ ದೊರೆಯಿತು. ಅದು ದ್ರವದ ಒಸರನ್ನೇ ಕಡಿಮೆ ಮಾಡತಕ್ಕದ್ದು. 1996ರಲ್ಲಿ ಲ್ಯಾಟನೋಪ್ರಾಸ್ಟ್, 2001ರಲ್ಲಿ ಬಿಮ್ಯಾಟೋಪ್ರಾಸ್ಟ್ ಎಂಬ ಮದ್ದುಗಳು ಅಲ್ಲಿ ಬಳಕೆಗೆ ಬಂದವು. ಇವು ಒಸರನ್ನು ತಡೆಯದೆ, ದ್ರವವು ಹೊರಹೋಗಲು ಇನ್ನೊಂದು ಕಣಿಯನ್ನು ಬಿಡಿಸಿಕೊಟ್ಟಂತೆ ಕೆಲಸ ಮಾಡುತ್ತವೆ. ದಿನಕ್ಕೆ ಒಂದೇ ಹನಿ ಸಾಕು. ಹೆಚ್ಚು ಸಲ ಬಿಟ್ಟರೆ ಗುಣ ಹೆಚ್ಚುವುದರ ಬದಲು ಕುಗ್ಗಲೂಬಹುದು.

ನಮ್ಮ ತಾಯಿಯವರದು ಬಿಮ್ಯಾಟೋಪ್ರಾಸ್ಟ್. ಅದನ್ನು ಬಿಡತೊಡಗಿದ ವರ್ಷದೊಳಗೆ ಅವರ ಮುಖದಲ್ಲಿ ಒಂದು ವಿಚಿತ್ರವು ಕಾಣಿಸಿತು. ತಲೆಯ ಕೂದಲು ಹತ್ತಿಯಂತೆ ಬೆಳ್ಳಗಿರುವಾಗ ರೆಪ್ಪೆಯ ಕೂದಲು ಮಾತ್ರ ನೀಳವಾಗಿ, ದಟ್ಟವಾಗಿ, ಕರ್ರಗೆ ಬೆಳೆಯಿತು. ಮದುವೆ ಮುಂಜಿಗಳಲ್ಲಿ ನೆಂಟರು, "ಈ ಪ್ರಾಯದಲ್ಲಿ ಇದೇನು ಕಣ್ಣು!" ಎಂದು ಬೆರಗುಪಡುವರು, ತಾಯಿಯವರು ನಾಚಿ ಸೆರಗನ್ನು ಬಾಯಿಗೆ ಹಿಡಿಯುವರು. ಇದು ಈ ಜಾತಿಯ ಮದ್ದುಗಳಿಗೆಲ್ಲ ಇರುವ ಒಂದು ಅಡ್ಡ ಪರಿಣಾಮ. ಲ್ಯಾಟನೋಪ್ರಾಸ್ಟ್ ಬಿಡುವವರಲ್ಲಿ ರೆಪ್ಪೆಗೂದಲು ಬೆಳೆಯುವುದನ್ನು ಜಾನ್‌ಸ್ಟನ್ ಎಂಬ ವೈದ್ಯರು 1997ರಲ್ಲಿಯೇ ವರದಿ ಮಾಡಿದ್ದರು. ಮುಂದೆ 2008ರ ಡಿಸೆಂಬರಿನಲ್ಲಿ ಅಮೆರಿಕ ಸರಕಾರವು, ರೆಪ್ಪೆಗೂದಲು ತೀರ ಕಡಿಮೆಯಿರುವವರಿಗಾಗಿ, ಅದೇ ಬಿಮ್ಯಾಟೋಪ್ರಾಸ್ಟನ್ನು ನೂರಕ್ಕೆ 0.03ರ ಪ್ರಮಾಣದಲ್ಲಿ ಬೇರೊಂದು ಹೆಸರಿನಿಂದ ಮಾರಲು ಒಪ್ಪಿತು. ಹೀಗೆ ಕುರುಡನ್ನು ತಡೆಯುವ ಮದ್ದು ಅಲಂಕಾರದ ಪೀಠವನ್ನೂ ಏರಿತು.

ಸೌಂದರ್ಯಕ್ಕಾಗಿ ಕಣ್ಣಿಗೆ ಹನಿ ಬಿಡುವ ಆಸೆಯು ಹೊಸತೇನಲ್ಲ. ಹಿಂದಿನ ಕಾಲದಲ್ಲಿ ಇಟಲಿಯ ಸ್ತ್ರೀಯರು ಕಣ್ಣಿನ ಪಾಪೆಯು ಹಿಗ್ಗಿ ಕಾಣಲೆಂದು ಒಂದು ವಿಷಗಿಡದ ರಸವನ್ನು ಕಣ್ಣಿಗೆ ಬಿಡುತ್ತಿದ್ದರೆಂದು ಹೇಳುವರು. ಅದಕ್ಕೆ ಬಂದ ಬೆಲ್ಲಡೋನ ಎಂಬ ಹೆಸರಿಗೆ ಆ ಭಾಷೆಯಲ್ಲಿ 'ಸುಂದರಿ' ಎಂದೇ ಅರ್ಥ. ಪಾಪೆಯನ್ನು ಹಿಗ್ಗಿಸುವ ಅಂತಹ ರಸವು ಕೆಲವರ ಕಣ್ಣಿನಲ್ಲಿ ದ್ರವದ ದಾರಿಯನ್ನು ಫಕ್ಕನೆ ಮುಚ್ಚಿ ಗ್ಲಾಕೋಮಾವನ್ನು ಕೆರಳಿಸಬಲ್ಲುದು. ಆಗ ಕಣ್ಣನ್ನು ಕೆಡಿಸುವ ಹನಿಯು ಚೆಲುವಿಗಾಗಿ ಬಳಕೆಯಾಯಿತು. ಈಗ ಕಣ್ಣನ್ನು ಕಾಯುವ ಹನಿಯು ಚೆಲುವಿಗಾಗಿ ಬಳಕೆಯಾಗುತ್ತಿದೆ. ಎರಡನೆಯದರಲ್ಲಿ ಅಪಾಯವಿಲ್ಲವೆಂದು ತೋರುವುದೇ ಅದರ ಅಪಾಯ.

ನಮ್ಮ ತಮ್ಮನ ಸಂಸಾರವಿರುವುದು ಮೂಡುಬಿದಿರೆಯಲ್ಲಿ. ಅವನ ಮಗಳಿಗೆ ಬಿ. ಸಿ. ರೋಡಿನ ಕಚೇರಿಯೊಂದರಲ್ಲಿ ಕೆಲಸ ದೊರೆತುದರಿಂದ ಅವಳು ವಾರದ ದಿನಗಳಲ್ಲಿ ನಮ್ಮಲ್ಲಿ ಉಳಿದು, ಶನಿವಾರ ಮನೆಗೆ ಹೋಗಿಬರುತ್ತಿದ್ದಳು. ಮಲಗುವುದು ಅಜ್ಜಿಯ ಕೋಣೆಯಲ್ಲಿ. ದೀಪಾವಳಿಯ ಸುಮಾರಿಗೆ ಅವಳ ಮದುವೆ ನಿಶ್ಚಯವಾಗಿ, ವೈಶಾಖದಲ್ಲಿ ಮುಹೂರ್ತವೆಂದಾಯಿತು. ಆಕೆಯ ರೆಪ್ಪೆಗೂದಲು ಚಿಕ್ಕಂದಿನಿಂದಲೂ ವಿರಳ. ಕಚೇರಿಯ ಗೆಳತಿಯೊಬ್ಬಳು ಮೊಬೈಲಿನಲ್ಲಿ ಏನನ್ನೋ ತೋರಿಸಿ, ಇಂತಹ ಹನಿಯೊಂದಿದೆ, ನಾಲ್ಕು ತಿಂಗಳಲ್ಲಿ ರೆಪ್ಪೆ ತುಂಬುತ್ತದೆ ಎಂದಳಂತೆ. ಹೆಸರನ್ನು ಓದಿದಾಗ ಹುಡುಗಿಗೆ ಆದ ಸಂತೋಷವನ್ನು ಊಹಿಸಬಹುದು. ಆ ಮದ್ದು ಅಜ್ಜಿಯ ತಲೆದಿಂಬಿನ ಬಳಿಯಲ್ಲಿಯೇ ಇತ್ತು!

ಅವಳು ಕದಿಯಲಿಲ್ಲ. ಅಜ್ಜಿಯನ್ನು ಕೇಳಿಯೇ ತೆಗೆದುಕೊಂಡಳು. ಅಜ್ಜಿಯೂ ನಗುತ್ತ ಕೊಟ್ಟರು. ಕಷ್ಟವು ಆರಂಭವಾದುದು ಲೆಕ್ಕದಲ್ಲಿ. ಸೀಸೆಯಲ್ಲಿರುವುದು 3 ಮಿಲಿಲೀಟರ್ ಮಾತ್ರ. ಎರಡು ಕಣ್ಣಿಗೆ ತಿಂಗಳಿಗೆ 60 ಹನಿ; ನಡುಗುವ ಕೈಯಿಂದ ಕೆನ್ನೆಗೆ ಬಿದ್ದು ಪೋಲಾಗುವುದೂ ಸೇರಿ ಒಂದು ಸೀಸೆಯು ತಾಯಿಯವರಿಗೆ ಒಂದು ತಿಂಗಳಿಗೆ ಸರಿಯಾಗುತ್ತಿತ್ತು. ಇನ್ನೊಬ್ಬರ ಪಾಲು ಸೇರಿದರೆ ತಿಂಗಳು ತುಂಬುವ ಮೊದಲೇ ಮುಗಿಯತಕ್ಕದ್ದು. ಮುಗಿದರೆ ಮಗನಿಗೆ ಹೇಳಬೇಕು. ಹೇಳಿದರೆ ಮದುವೆಯ ಖರ್ಚಿನ ನಡುವೆ ಇದೊಂದು ಖರ್ಚು. ಹೀಗೆ ಯೋಚಿಸಿದ ತಾಯಿಯವರು ಯಾರಿಗೂ ತಿಳಿಸದೆ ತಾವು ಒಂದು ದಿನ ಬಿಟ್ಟು ಒಂದು ದಿನ ಹಾಕಿಕೊಳ್ಳತೊಡಗಿದರು. ಸೀಸೆಯು ಎಂದಿನಂತೆ ತಿಂಗಳಿಗೊಂದರಂತೆಯೇ ಬರುತ್ತಿತ್ತು. ಖರ್ಚಿನ ಪುಸ್ತಕವನ್ನು ಬರೆಯುವವರು ನಾವು. ಅದರಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಕಾಣಲಿಲ್ಲ. ಪುಸ್ತಕವು ಸರಿಯಾಗಿದ್ದರೆ ಮನೆಯೂ ಸರಿಯಾಗಿದೆಯೆಂದು ನಂಬಿದ ತಪ್ಪು ನಮ್ಮದು. ರಾತ್ರಿ ಐದು ನಿಮಿಷ ತಾಯಿಯ ಬಳಿ ಕುಳಿತಿದ್ದರೆ ನಾಲ್ಕು ತಿಂಗಳು ಕಳೆಯಬೇಕಾಗಿರಲಿಲ್ಲ.

ಶಿವರಾತ್ರಿ ಕಳೆದ ವಾರ ತಾಯಿಯವರನ್ನು ಎಂದಿನ ಪರೀಕ್ಷೆಗೆ ಕರೆದುಕೊಂಡು ಹೋದೆವು. ಹಿಂದಿನ ಸಲ 14 ಮತ್ತು 15 ಇದ್ದ ಒತ್ತಡವು ಈ ಸಲ 22 ಮತ್ತು 25 ಆಗಿತ್ತು. ನೋಟದ ವಿಸ್ತಾರವನ್ನು ಅಳೆಯುವ ಯಂತ್ರದ ಮುಂದೆ ಕೂರಿಸಿದಾಗ ಎಡಗಣ್ಣಿನ ಚಿತ್ರದಲ್ಲಿ, ಮೂಗಿನ ಪಕ್ಕದ ಮೇಲ್ಭಾಗದಲ್ಲಿ, ಹಿಂದೆ ಇಲ್ಲದ ಒಂದು ಕಪ್ಪು ಮಚ್ಚೆ ಕಾಣಿಸಿತು. "ಮದ್ದು ದಿನವೂ ಹಾಕುತ್ತೀರಲ್ಲವೇ ಅಮ್ಮ?" ಎಂದು ವೈದ್ಯರು ಕೇಳಿದರು. "ಹೌದು" ಎಂದರು ತಾಯಿಯವರು. ಹಾಗಾದರೆ ಈ ಮದ್ದೊಂದೇ ಸಾಲದಾಗಿದೆ, ಟಿಮೋಲಾಲನ್ನೂ ಸೇರಿಸಬೇಕು ಎಂದು ವೈದ್ಯರು ಲೇಖನಿಯನ್ನು ತೆಗೆದುಕೊಂಡು, ಉಬ್ಬಸವೇನಾದರೂ ಉಂಟೇ ಎಂದು ವಿಚಾರಿಸಿದರು. ತಾಯಿಯವರಿಗೆ ಚಳಿಗಾಲದಲ್ಲಿ ಉಬ್ಬಸವುಂಟು. ಕಣ್ಣಿಗೆ ಬಿಟ್ಟ ಟಿಮೋಲಾಲ್ ಮೂಗಿನ ದಾರಿಯಾಗಿ ರಕ್ತಕ್ಕೆ ಸೇರಿ ಉಬ್ಬಸವುಳ್ಳವರ ಉಸಿರನ್ನು ಕಟ್ಟಿಸಬಲ್ಲುದು, ನಾಡಿಯನ್ನು ನಿಧಾನಿಸಬಲ್ಲುದು. ವೈದ್ಯರು ಲೇಖನಿಯನ್ನು ಕೆಳಗಿಟ್ಟು, ಬೇರೆ ಯಾವುದು ಆದೀತೆಂದು ಯೋಚಿಸತೊಡಗಿದರು.

ಆಗ ತಾಯಿಯವರು ಸಣ್ಣ ದನಿಯಲ್ಲಿ, "ಹೊಸ ಮದ್ದು ಬೇಡ ಡಾಕ್ಟ್ರೇ. ಮದ್ದು ಸಾಲದ್ದಲ್ಲ. ನಾನೇ ಬಿಟ್ಟದ್ದು" ಎಂದು ಎಲ್ಲವನ್ನೂ ಹೇಳಿದರು.

ವೈದ್ಯರು ಬೈಯಲಿಲ್ಲ. "ನೀವು ಹೇಳಿದ್ದು ಒಳ್ಳೆಯದಾಯಿತು. ಹೇಳದೆ ಇದ್ದಿದ್ದರೆ ಬೇಡದ ಮದ್ದನ್ನು ನಾನು ನಿಮಗೆ ಕೊಡುತ್ತಿದ್ದೆ" ಎಂದರು. ಮಚ್ಚೆಯ ಬಗ್ಗೆ ನಾವು ಕೇಳಿದುದಕ್ಕೆ, "ಅದು ಈ ನಾಲ್ಕು ತಿಂಗಳಲ್ಲಿಯೇ ಆದುದೆಂದು ಖಂಡಿತವಾಗಿ ಹೇಳಲಾರೆ; ಅಲ್ಲವೆಂದೂ ಹೇಳಲಾರೆ. ಆದದ್ದು ಹಿಂದೆ ಬರುವುದಿಲ್ಲ. ಇದ್ದುದನ್ನು ನೋಡಿಕೊಳ್ಳೋಣ" ಎಂದರು. ಪಾಣೆಮಂಗಳೂರಿನವರೆಗೆ ಬರುವ ತನಕ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಹೊಳೆ ಕಾಣಿಸಿದಾಗ ತಾಯಿಯವರು, "ಮಗುವಿಗೆ ಏನೂ ಹೇಳಬೇಡ ಮಗಾ. ಮದುವೆಯ ಹುಡುಗಿ" ಎಂದರು.

ಆದರೆ ಹೇಳದೆ ಇರುವಂತಿರಲಿಲ್ಲ. ಏಕೆಂದರೆ ಹುಡುಗಿಯ ಕಣ್ಣಿಗೂ ಮದ್ದು ತನ್ನ ಗುರುತನ್ನು ಬಿಟ್ಟಿತ್ತು. ರೆಪ್ಪೆಗೂದಲು ಬೆಳೆದಿತ್ತು, ಸತ್ಯವನ್ನು ಮರೆಮಾಡಬಾರದು. ಅದರೊಂದಿಗೆ ರೆಪ್ಪೆಯ ಚರ್ಮವು ನೇರಳೆಗಪ್ಪಾಗಿ, ಕಣ್ಣಿನ ಬಿಳಿಭಾಗವು ಕೆಂಪೇರಿ, ತುರಿಕೆಯೂ ಆರಂಭವಾಗಿತ್ತು. ಆಕೆಯ ತಾಯಿಯು ನಿದ್ದೆಗೆಟ್ಟ ಕಪ್ಪೆಂದು ತಿಳಿದು ಅರಸಿನ ಹಚ್ಚುತ್ತಿದ್ದಳಂತೆ. ನಾವು ವಿಷಯವನ್ನು ತಿಳಿಸಿದಾಗ ಹುಡುಗಿಯು, "ಅಜ್ಜಿ ಒಂದು ದಿನವೂ ಹೇಳಲಿಲ್ಲವಲ್ಲ ದೊಡ್ಡಪ್ಪ!" ಎಂದು ಅತ್ತುಬಿಟ್ಟಳು. ಮರುದಿನವೇ ಅವಳನ್ನು ಅದೇ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು.

ಅವರು ಹೇಳಿದುದರ ಸಾರವನ್ನು ಮನೆಯಲ್ಲಿ ಹೆಣ್ಣುಮಕ್ಕಳಿರುವ ವಾಚಕರು ತಿಳಿದಿರುವುದು ಲೇಸು. ಈ ಮದ್ದಿನಿಂದ ರೆಪ್ಪೆಯ ಚರ್ಮ ಕಪ್ಪಾದರೆ, ಬಿಟ್ಟ ಮೇಲೆ ಕ್ರಮೇಣ ತಿಳಿಯಾಗುವುದು ಸಾಮಾನ್ಯ. ಆದರೆ ಪಾಪೆಯ ಸುತ್ತಣ ಬಣ್ಣದ ವರ್ತುಲವು ಕಂದಾದರೆ ಅದು ಶಾಶ್ವತ. ನಮ್ಮಂತಹ ಕಪ್ಪುಗಣ್ಣಿನವರಲ್ಲಿ ಅದು ಎದ್ದು ಕಾಣದಿದ್ದೀತು, ಅಷ್ಟೆ. ಕೆಲವರಿಗೆ ಕಣ್ಣಿನ ಸುತ್ತಣ ಕೊಬ್ಬು ಕರಗಿ ಕಣ್ಣು ಗುಳಿಬಿದ್ದಂತೆ ಕಾಣುವುದುಂಟು. ಚೆಲುವಿಗಾಗಿ ಹೊರಟವರಿಗೆ ಇದಕ್ಕಿಂತ ವಿಪರೀತ ಫಲ ಬೇರೊಂದಿಲ್ಲ. ಹಿಂದೆ ಕಣ್ಣಿನೊಳಗೆ ಉರಿಯೂತವಾದವರಿಗೆ ಅದು ಮರುಕಳಿಸೀತು. ಗರ್ಭಿಣಿಯರೂ ಹಾಲೂಡಿಸುವವರೂ ವೈದ್ಯರನ್ನು ಕೇಳದೆ ಮುಟ್ಟಕೂಡದು. ಗ್ಲಾಕೋಮಾಕ್ಕೆ ಇದೇ ಜಾತಿಯ ಮದ್ದನ್ನು ಬಿಡುತ್ತಿರುವವರು ರೆಪ್ಪೆಗೆಂದು ಮತ್ತೊಂದಿಷ್ಟು ಹಚ್ಚಿದರೆ ಒತ್ತಡವು ಇಳಿಯುವುದಕ್ಕೇ ಅಡ್ಡಿಯಾಗಬಹುದು. ಇಷ್ಟೆಲ್ಲ ಆಗಿಯೂ ಬೆಳೆದ ಕೂದಲು ನಿಲ್ಲುವುದಿಲ್ಲ. ಮದ್ದನ್ನು ಬಿಟ್ಟ ಕೆಲವು ವಾರ ತಿಂಗಳುಗಳಲ್ಲಿ ಮೊದಲಿನ ಸ್ಥಿತಿಗೇ ಬರುವುದು.

ರೆಪ್ಪೆಗಾಗಿಯೇ ಇದನ್ನು ಬಳಸಲು ವೈದ್ಯರು ಒಪ್ಪಿದರೆ ಅದಕ್ಕೂ ಒಂದು ಕ್ರಮವುಂಟು. ಕಣ್ಣಿನೊಳಗೆ ಬಿಡುವುದಲ್ಲ, ರಾತ್ರಿ ಮುಖವನ್ನು ತೊಳೆದು, ಮೇಲಿನ ರೆಪ್ಪೆಯ ಬುಡದ ಚರ್ಮಕ್ಕೆ ಮಾತ್ರ ಒಂದು ಗೆರೆಯಂತೆ ಹಚ್ಚತಕ್ಕದ್ದು. ಕೆಳರೆಪ್ಪೆಗೆ ಹಚ್ಚಲೇಬಾರದು. ಹಚ್ಚುವ ಶುದ್ಧವಾದ ಕುಂಚವನ್ನು ಒಂದು ಕಣ್ಣಿಗೆ ಒಮ್ಮೆ ಬಳಸಿ ಎಸೆಯಬೇಕು. ಹೆಚ್ಚಾಗಿ ಹರಿದುದನ್ನು ಒರಸಬೇಕು, ಇಲ್ಲವಾದರೆ ಕೆನ್ನೆಯಲ್ಲಿಯೂ ಕೂದಲು ಮೊಳೆತೀತು. ಪೂರ್ಣ ಫಲಕ್ಕೆ ಸುಮಾರು 16 ವಾರ ಬೇಕು. ನಮ್ಮ ಹುಡುಗಿಯು ಒಂದೇ ಕುಂಚವನ್ನು ನಾಲ್ಕು ತಿಂಗಳು ಸೀಸೆಯ ಬಾಯಿಗೆ ತಾಗಿಸಿ ಬಳಸಿದ್ದಳು. ಅದೇ ಸೀಸೆಯಿಂದ ಅಜ್ಜಿಯ ಕಣ್ಣಿಗೆ ಹನಿ ಬೀಳುತ್ತಿತ್ತು. ಸೋಂಕು ತಗಲದೆ ಇದ್ದುದು ದೈವಕೃಪೆ. 2023ರಲ್ಲಿ ಅಮೆರಿಕದಲ್ಲಿ ರೋಗಾಣು ಸೇರಿದ ಕೃತಕ ಕಣ್ಣೀರಿನ ಹನಿಯಿಂದ ಕೆಲವರು ದೃಷ್ಟಿಯನ್ನೂ ಕೆಲವರು ಪ್ರಾಣವನ್ನೂ ಕಳೆದುಕೊಂಡರೆಂಬುದನ್ನು ನೆನೆದರೆ ಒಂದು ಹನಿಯ ಶುದ್ಧಿಯು ಎಷ್ಟು ದೊಡ್ಡ ವಿಷಯವೆಂಬುದು ತಿಳಿಯುವುದು. ರೆಪ್ಪೆಗೂದಲು ಹೊಸತಾಗಿ ಉದುರತೊಡಗಿದರಂತೂ ಥೈರಾಯಿಡ್ ದೋಷವೋ ರೆಪ್ಪೆಯ ರೋಗವೋ ಇರಬಹುದಾದುದರಿಂದ ಮೊದಲು ಕಾರಣವನ್ನು ಹುಡುಕಬೇಕು.

ಇನ್ನು ಗ್ಲಾಕೋಮಾದವರು ಹನಿಯನ್ನು ಬಿಟ್ಟುಕೊಳ್ಳುವ ಕ್ರಮ. ಒಂಬತ್ತು ವರ್ಷ ಬಿಟ್ಟರೂ ತಾಯಿಯವರಿಗೆ ಇದು ಸರಿಯಾಗಿ ತಿಳಿದಿರಲಿಲ್ಲ, ನಾವೂ ನೋಡಿರಲಿಲ್ಲ. ಕೈಯನ್ನು ಸಾಬೂನಿನಿಂದ ತೊಳೆದು, ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲನೆ ಎಳೆದು, ಅಲ್ಲಿ ಉಂಟಾಗುವ ಸಣ್ಣ ಚೀಲದೊಳಗೆ ಒಂದೇ ಹನಿ ಬಿಡಬೇಕು. ಕಣ್ಣಿಗೆ ಒಂದು ಹನಿಗಿಂತ ಹೆಚ್ಚನ್ನು ಹಿಡಿಯುವ ಶಕ್ತಿಯಿಲ್ಲ; ಎರಡನೆಯದು ಕೆನ್ನೆಗೆ ಹೋಗತಕ್ಕದ್ದು. ಸೀಸೆಯ ತುದಿಯು ಕಣ್ಣಿಗಾಗಲಿ ಬೆರಳಿಗಾಗಲಿ ತಗಲಕೂಡದು. ಬಿಟ್ಟ ಮೇಲೆ ಕಣ್ಣು ಮಿಟುಕಿಸದೆ ಮೃದುವಾಗಿ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ಮದ್ದು ಮೂಗಿಗಿಳಿದು ರಕ್ತಕ್ಕೆ ಸೇರುವುದನ್ನು ಇದು ತಡೆಯುವುದು. ಹೊರಗೆ ಹರಿದುದನ್ನು ಶುಭ್ರವಾದ ಬಟ್ಟೆಯಿಂದ ಒರಸಿದರೆ ಚರ್ಮ ಕಪ್ಪಾಗುವುದೂ ಕಡಿಮೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷವಾದರೂ ಬಿಡುವಿರಲಿ. ಕಣ್ಣಿಗಂಟುವ ಮಸೂರವನ್ನು ಧರಿಸುವವರು ಅದನ್ನು ತೆಗೆದು ಹನಿಬಿಟ್ಟು, 15 ನಿಮಿಷದ ಬಳಿಕ ಧರಿಸಲಿ. ದಿನಕ್ಕೊಮ್ಮೆಯ ಈ ಹನಿಯು ಒಂದು ರಾತ್ರಿ ಮರೆತುಹೋದರೆ ಮರುರಾತ್ರಿ ಎಂದಿನಂತೆ ಒಂದೇ ಹನಿ. ಮರೆತುದಕ್ಕೆ ಸೇರಿಸಿ ಎರಡು ಹಾಕುವುದು ಸಲ್ಲದು.

ಸೀಸೆಯನ್ನು ತೆರೆದ ತಾರೀಖನ್ನು ಅದರ ಮೇಲೆಯೇ ಬರೆದಿಟ್ಟು, ಪೆಟ್ಟಿಗೆಯಲ್ಲಿ ಸೂಚಿಸಿದ ಅವಧಿಯು ಮುಗಿದೊಡನೆ, ಮದ್ದು ಮಿಕ್ಕಿದ್ದರೂ ಎಸೆಯಬೇಕು. ಲ್ಯಾಟನೋಪ್ರಾಸ್ಟಿನಂತಹ ಕೆಲವನ್ನು ತೆರೆಯುವ ಮೊದಲು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡತಕ್ಕದ್ದು. ನಮ್ಮ ಕರಾವಳಿಯ ಬೇಸಗೆಯಲ್ಲಿ ಕಿಟಕಿಯ ದಂಡೆಯ ಮೇಲಿಡುವ ಅಭ್ಯಾಸವಂತೂ ಒಳ್ಳೆಯದಲ್ಲ. ಈ ಮದ್ದುಗಳು 1945ರ ಔಷಧ ನಿಯಮಗಳ 'ಎಚ್' ಅನುಸೂಚಿಗೆ ಸೇರಿದವು; ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಅದರ ತಾತ್ಪರ್ಯ. ಕೆಂಗಣ್ಣಿಗೆಂದು ಅಂಗಡಿಯಲ್ಲಿ ಬಾಯಿಮಾತಿಗೆ ಕೇಳಿ ತರುವ ಸ್ಟಿರಾಯಿಡ್ ಹನಿಯನ್ನೂ ಇಲ್ಲಿಯೇ ಹೇಳಬೇಕು. ತಿಂಗಳುಗಟ್ಟಲೆ ಬಿಟ್ಟರೆ ಅದೇ ಕಣ್ಣಿನ ಒತ್ತಡವನ್ನು ಏರಿಸಿ ಗ್ಲಾಕೋಮಾವನ್ನು ತರಬಲ್ಲುದು. ಕಣ್ಣು ಫಕ್ಕನೆ ಕೆಂಪಾಗಿ, ಅಸಹ್ಯ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಇವು ಕಾಣಿಸಿದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಅಂದು ಹೊರಡುವಾಗ ವೈದ್ಯರು ನಮ್ಮ ಮುಖವನ್ನು ನೋಡಿ, "ದೊಡ್ಡಮ್ಮನಿಗೆ ಇತ್ತು, ತಾಯಿಗೆ ಉಂಟು. ನಿಮ್ಮ ಕಣ್ಣನ್ನು ಯಾವಾಗ ನೋಡಿಸಿದ್ದೀರಿ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಈ ರೋಗವು ತಂದೆತಾಯಿ, ಒಡಹುಟ್ಟಿದವರಲ್ಲಿದ್ದರೆ ಬರುವ ಸಂಭವ ಹೆಚ್ಚು; ನಲವತ್ತು ದಾಟಿದವರೆಲ್ಲರೂ, ಅಂತಹ ಮನೆಯವರು ಮುಖ್ಯವಾಗಿ, ಕಣ್ಣಿನ ನರವನ್ನೂ ಒತ್ತಡವನ್ನೂ ನೋಡಿಸಿಕೊಳ್ಳಬೇಕು. ಒಂಬತ್ತು ವರ್ಷ ತಾಯಿಯ ಚೀಟಿಯನ್ನು ಹಿಡಿದು ಆ ಬಾಗಿಲಿನ ಮುಂದೆ ಕುಳಿತಿದ್ದ ನಾವು ಒಮ್ಮೆಯೂ ಒಳಗಿನ ಕುರ್ಚಿಯಲ್ಲಿ ಕುಳಿತಿರಲಿಲ್ಲ. ಅಂದೇ ಕುಳಿತೆವು. ದೋಷವೇನೂ ಇಲ್ಲವೆಂದೂ ವರ್ಷಕ್ಕೊಮ್ಮೆ ಬರಬೇಕೆಂದೂ ಅಪ್ಪಣೆಯಾಯಿತು. ತಮ್ಮನನ್ನೂ ಮೂಡುಬಿದಿರೆಯಿಂದ ಕರೆಸಿದೆವು.

ದಿನವೂ ಹನಿ ಬೀಳತೊಡಗಿದ ಮೇಲೆ ತಾಯಿಯವರ ಒತ್ತಡವು ಎರಡು ತಿಂಗಳಲ್ಲಿ 15ಕ್ಕೆ ಇಳಿಯಿತು. ಎರಡನೆಯ ಮದ್ದಿನ ಅಗತ್ಯವೇ ಬೀಳಲಿಲ್ಲ. ಎಡಗಣ್ಣಿನ ಮಚ್ಚೆ ಮಾತ್ರ ಇದ್ದಲ್ಲಿಯೇ ಇದೆ. ವೈಶಾಖದಲ್ಲಿ ಮದುವೆ ಸಾಂಗವಾಗಿ ನಡೆಯಿತು. ರೆಪ್ಪೆಯ ಕಪ್ಪು ಆಗಿನ್ನೂ ಪೂರ್ತಿ ಮಾಸಿರಲಿಲ್ಲ. ಹುಡುಗಿಯು ಅದರ ಮೇಲೆ ತೆಳುವಾಗಿ ಕಾಡಿಗೆಯನ್ನಷ್ಟೇ ಹಚ್ಚಿಕೊಂಡಿದ್ದಳು, ಆ ಕರಡಿಗೆಯೂ ಅವಳೊಬ್ಬಳದೇ. ಅಜ್ಜಿಯು ಮಂಟಪದ ಪಕ್ಕದಲ್ಲಿ ಕುಳಿತು ಧಾರೆಯ ನೀರು ಬೀಳುವುದನ್ನು ಕಣ್ಣು ತುಂಬ ನೋಡಿದರು.

ನಮ್ಮ ಚಾವಡಿಯ ಪಂಚಾಂಗದ ಬದಿಯಲ್ಲಿ ಈಗ ಒಂದು ಸಣ್ಣ ಪುಸ್ತಕವು ತೂಗುತ್ತಿದೆ. ಹನಿ ಬಿದ್ದ ರಾತ್ರಿಯೆಲ್ಲ ಅದರಲ್ಲಿ ಒಂದು ಗೆರೆ. ಅದು ಖರ್ಚಿನ ಪುಸ್ತಕವಲ್ಲ. ಗೆರೆಯನ್ನು ಎಳೆಯುವವರು ತಾಯಿಯ ಪಕ್ಕದಲ್ಲಿ ಕುಳಿತು, ಹನಿ ಬಿದ್ದುದನ್ನು ಕಣ್ಣಾರೆ ಕಂಡೇ ಎಳೆಯಬೇಕೆಂಬುದು ನಮ್ಮ ಮನೆಯ ನಿಯಮ. ಪ್ರೀತಿಯಿಂದ ಎಲ್ಲವನ್ನೂ ಹಂಚಿಕೊಳ್ಳುವ ಮನೆಗಳಲ್ಲಿ ಮದ್ದೊಂದನ್ನು ಮಾತ್ರ ಹಂಚದೆ, ಅದನ್ನು ಹಾಕಿಕೊಳ್ಳುವ ಹೊತ್ತನ್ನು ಹಂಚಿಕೊಳ್ಳುವುದೇ ಸರಿಯೆಂದು ನಾವು ತಿಳಿದಿದ್ದೇವೆ. ರಾತ್ರಿ ಒಂಬತ್ತು ಗಂಟೆಗೆ ಸರಿಯಾಗಿ ಹುಡುಗಿಯು ಗಂಡನ ಮನೆಯಿಂದ ಫೋನು ಮಾಡುತ್ತಾಳೆ. ಕ್ಷೇಮಸಮಾಚಾರಕ್ಕಿಂತ ಮೊದಲು ಅವಳು ಕೇಳುವ ಮಾತು ಒಂದೇ: "ಅಜ್ಜೀ, ಮದ್ದಾಯಿತಾ?"